ಕಪ್ಪು ಪರದೆಯ ಮೇಲೆ ನಮ್ಮೂರಿನ ಹೆಸರು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಸಿ.ಡಿ. ಇತ್ತು. ಅದರ ಮೇಲೆ ಅಪ್ಪನ ಕೈಬರಹದಲ್ಲಿ ‘ಮಗ್ಗದ ಮಾತು, 2004’ ಎಂದು ಬರೆದಿತ್ತು. ನಮ್ಮೂರು ವೈ.ಎನ್.ಹೊಸಕೋಟೆ. ಪಾವಗಡ ತಾಲ್ಲೂಕಿನ ಹೋಬಳಿ, ಆಂಧ್ರದ ಗಡಿಗೆ ಅಂಟಿಕೊಂಡ ಊರು, ರೇಷ್ಮೆ ಸೀರೆ ನೇಯುವ ಮಗ್ಗಗಳ ಊರು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಮಗ್ಗದ ಮುಂದೆ ಕೂತಾಗ ಎರಡೂ ಬೆರೆತ ಮೂರನೆಯದೊಂದು ಮಾತು. ಮೇಷ್ಟರಾಗಿದ್ದ ಅಪ್ಪ ಮೂರು ಬೇಸಿಗೆ ರಜೆಗಳಲ್ಲಿ ಹಿರಿಯ ನೇಕಾರರ ಪಕ್ಕ ಕೂತು ಆ ಮೂರನೆಯ ಮಾತಿನ ಪದಗಳನ್ನು, ಅವುಗಳ ಹಿಂದಿನ ಕತೆಗಳನ್ನು ಬರೆದುಕೊಂಡಿದ್ದರು. ಆಮೇಲೆ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಎಲ್ಲವನ್ನೂ ಟೈಪು ಮಾಡಿಸಿ ಸಿ.ಡಿ.ಗೆ ಹಾಕಿಸಿಕೊಂಡರು. ನೋಟುಬುಕ್ಕುಗಳನ್ನು ಗೆದ್ದಲು ತಿಂದವು. ಮಾತಾಡಿದವರಲ್ಲಿ ಬಹುತೇಕರು ಈಗಿಲ್ಲ. ಅಪ್ಪನೂ ಇಲ್ಲ.

ಪಿಎಚ್.ಡಿ.ಗೆ ನೇಕಾರರ ವೃತ್ತಿಪದಗಳನ್ನೇ ವಿಷಯವಾಗಿ ಆರಿಸಿಕೊಂಡಾಗ ನನ್ನ ಧೈರ್ಯವೆಲ್ಲ ಆ ಸಿ.ಡಿ. ಆಗಿತ್ತು. ಹಾಸ್ಟೆಲ್ಲಿನಲ್ಲಿ ಅದನ್ನು ತೆರೆದೆ. ಕಡತ ತೆರೆಯಿತು, ಕನ್ನಡ ಮಾತ್ರ ಕಾಣಲಿಲ್ಲ. ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟೆಳೆದ ಎ, ನಡುವೆ ಒಂದು ಪೌಂಡ್ ಚಿಹ್ನೆ. ಪುಟಗಟ್ಟಲೆ ಹೀಗೇ. ಕಡತ ಕೆಟ್ಟಿರಲಿಲ್ಲ. ಆ ಕಾಲದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡ ಎಂದೂ ಇರಲಿಲ್ಲ. ಫಾಂಟಿನ ವೇಷ ಹಾಕಿದ್ದ ಇಂಗ್ಲಿಷ್ ಅಕ್ಷರಗಳಿದ್ದವು. ಆ ಫಾಂಟು ಹೋಯಿತು, ವೇಷ ಕಳಚಿತು.

ಹಾಸ್ಟೆಲ್ಲಿನ ಹಿರಿಯ ಗೆಳೆಯನೊಬ್ಬ ಲಿನಕ್ಸ್ ಭಕ್ತ. ಅವನ ಲ್ಯಾಪ್‌ಟಾಪಿನಲ್ಲಿ ಚಿತ್ರವಿಲ್ಲ, ಐಕಾನ್ ಇಲ್ಲ, ಕಪ್ಪು ಪರದೆ ಮತ್ತು ಮಿನುಗುವ ಒಂದು ಗೆರೆ ಅಷ್ಟೆ. ಮೌಸ್ ಮುಟ್ಟುವುದು ಅವನಿಗೆ ಮೈಲಿಗೆ. ‘ಇದು ಒಂದು ಸಾಲಿನ ಕೆಲಸ’ ಎಂದ. ಒಂದು ಸಾಲಿನದಾಗಿರಲಿಲ್ಲ, ನಾಲ್ಕು ತಿಂಗಳಿನದಾಯಿತು. ಆ ನಾಲ್ಕು ತಿಂಗಳಲ್ಲಿ ನಾನು ಆ ಕಪ್ಪು ಪರದೆಯ ಚರಿತ್ರೆಯನ್ನೂ ಓದಿದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಅದು ತೀರ ಹೊರಗಿನ ಕತೆಯಲ್ಲ ಎಂದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ‘ಮಲ್ಟಿಕ್ಸ್’ ಎಂಬ ಭಾರೀ ಯೋಜನೆಯಿಂದ ಹೊರಬಂತು. ಅದೇ ವರ್ಷ ಅಲ್ಲಿಯ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮೂಲೆಯಲ್ಲಿದ್ದ ಪಿಡಿಪಿ-7 ಎಂಬ ಹಳೆಯ ಯಂತ್ರದ ಮೇಲೆ ಚಿಕ್ಕದೊಂದು ಕಾರ್ಯಾಚರಣ ವ್ಯವಸ್ಥೆ ಕಟ್ಟಿದರು. ಮಲ್ಟಿಕ್ಸ್ ಹೆಸರಿನ ಮೇಲಿನ ಹಾಸ್ಯವಾಗಿ ಅದು ಯುನಿಕ್ಸ್ ಎನಿಸಿಕೊಂಡಿತು. ಹೆಚ್ಚಿನ ಯಂತ್ರ ಬೇಕೆಂದಾಗ ಅವರು ಕೊಟ್ಟ ಕಾರಣ ಪಠ್ಯ ಸಿದ್ಧಪಡಿಸುವ ಕೆಲಸ. 1971ರಲ್ಲಿ ಅದನ್ನು ಮೊದಲು ಬಳಸಿದ ಹೊರಗಿನವರು ಅದೇ ಸಂಸ್ಥೆಯ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು. ಎಂದರೆ ಯುನಿಕ್ಸ್ ಬೆಳೆದದ್ದು ಲೆಕ್ಕದಿಂದ ಮಾತ್ರವಲ್ಲ, ಬರಹದಿಂದಲೂ.

ಅಲ್ಲಿಯ ಒಂದು ಪ್ರಸಂಗ ನನಗೆ ಅಚ್ಚುಮೆಚ್ಚು. 1787-88ರಲ್ಲಿ ಅಮೆರಿಕದ ಸಂವಿಧಾನವನ್ನು ಬೆಂಬಲಿಸಿ ‘ಪಬ್ಲಿಯಸ್’ ಎಂಬ ಒಂದೇ ಗುಪ್ತನಾಮದಲ್ಲಿ 85 ಪ್ರಬಂಧಗಳು ಬಂದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ. ಅವುಗಳಲ್ಲಿ 12 ಪ್ರಬಂಧಗಳನ್ನು ಬರೆದವರು ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬ ಜಗಳ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ನಮ್ಮಲ್ಲಿ ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಡೆದ ಹಾಗೆ. ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹೋನ್ ಈ ಪ್ರಬಂಧಗಳ ಪದಬಳಕೆಯನ್ನು ಪರೀಕ್ಷಿಸಲು ಹೊರಟರು. ‘ಇಡಿ’ ಎಂಬ ಆಗಿನ ಸಂಪಾದಕ ತಂತ್ರಾಂಶದ ಒಳಗೆ ಅಷ್ಟು ದೊಡ್ಡ ಪಠ್ಯ ಹಿಡಿಸಲಿಲ್ಲ. ಆಗ ಥಾಂಪ್ಸನ್ ಆ ಸಂಪಾದಕದಲ್ಲಿದ್ದ ಹುಡುಕುವ ಗುಣವೊಂದನ್ನೇ ಬಿಡಿಸಿ ತೆಗೆದು ಪ್ರತ್ಯೇಕ ಉಪಕರಣ ಮಾಡಿಕೊಟ್ಟರು. ಅದೇ ‘ಗ್ರೆಪ್’. ಕಡತವನ್ನು ಸಾಲುಸಾಲಾಗಿ ನೋಡುತ್ತದೆ, ನೀವು ಕೇಳಿದ ಮಾತು ಇರುವ ಸಾಲನ್ನು ಮುಂದೆ ಇಡುತ್ತದೆ, ಬೇರೇನೂ ಮಾಡುವುದಿಲ್ಲ. ಸಾಲುಗಳನ್ನು ತಿದ್ದುತ್ತ ಹೋಗುವ ‘ಸೆಡ್’ ಎಂಬ ಉಪಕರಣವನ್ನು ಮುಂದೆ ಮೆಕ್‌ಮಹೋನ್ ಬರೆದರು. ಇಂದಿಗೂ ಪ್ರತಿಯೊಂದು ಲಿನಕ್ಸ್ ಯಂತ್ರದಲ್ಲೂ ಇರುವ ಈ ಗ್ರೆಪ್, ಕರ್ತೃತ್ವದ ಪ್ರಶ್ನೆಯೊಂದರ ಬೆನ್ನುಹತ್ತಿದವರಿಗಾಗಿ ಹುಟ್ಟಿದ್ದು.

ಇಂಥ ಪುಟ್ಟ ಉಪಕರಣಗಳನ್ನು ಜೋಡಿಸುವುದು ಹೇಗೆ? ಡಗ್ ಮೆಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದು, ತೋಟಕ್ಕೆ ನೀರು ಹಾಯಿಸುವ ಕೊಳವೆಗಳ ಹಾಗೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಸಿಕ್ಕಿಸುವಂತಿರಬೇಕು ಎಂದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಸಾಧ್ಯ ಮಾಡಿದರು. ಒಂದರ ಫಲ ಇನ್ನೊಂದರ ಬಾಯಿಗೆ. ನಡುವೆ ಹರಿಯುವುದು ಸಾದಾ ಪಠ್ಯ. 1978ರಲ್ಲಿ ಮೆಕಿಲ್ರಾಯ್ ಮತ್ತು ಸಂಗಡಿಗರು ಈ ದಾರಿಯ ಸೂತ್ರಗಳನ್ನು ಬರೆದಿಟ್ಟರು. ಒಂದು ಉಪಕರಣ ಒಂದೇ ಕೆಲಸವನ್ನು ಚೆನ್ನಾಗಿ ಮಾಡಲಿ ಎಂಬುದು ಎಲ್ಲರ ಬಾಯಲ್ಲೂ ಇದೆ. ಅದರ ಜೊತೆಗಿದ್ದ ಎರಡನೆಯ ಸೂತ್ರ ಅಷ್ಟು ಪ್ರಸಿದ್ಧವಲ್ಲ. ನಿಮ್ಮ ಪ್ರೋಗ್ರಾಮು ಹೊರಗೆ ಕೊಡುವುದನ್ನು ನಾಳೆ ನಿಮಗೆ ಗೊತ್ತೇ ಇರದ ಇನ್ನೊಂದು ಪ್ರೋಗ್ರಾಮು ಎತ್ತಿಕೊಳ್ಳಬಹುದು, ಅದಕ್ಕೆ ಸಿದ್ಧವಾಗಿರಿ ಎಂಬುದು ಅದರ ಸಾರ.

ಇದನ್ನು ಓದಿದಾಗ ಅಪ್ಪನ ಸಿ.ಡಿ. ಕಣ್ಣ ಮುಂದೆ ಬಂತು. ಡಿಟಿಪಿ ಅಂಗಡಿಯ ತಂತ್ರಾಂಶದಲ್ಲಿ ಗುಂಡಿಗಳಿಗೆ, ಬಣ್ಣಗಳಿಗೆ, ಅಂಚುಗಳಿಗೆ ಬರವಿರಲಿಲ್ಲ. ಇನ್ನೂ ಹುಟ್ಟದ ಓದುಗನ ನೆನಪು ಮಾತ್ರ ಅದಕ್ಕೆ ಇರಲಿಲ್ಲ.

ಈಗ ‘ಕಡಿಮೆ’ಯ ಕತೆಗೆ ಬರುತ್ತೇನೆ. 1976ರಲ್ಲಿ ಬರ್ಕ್‌ಲಿಯ ವಿದ್ಯಾರ್ಥಿ ಬಿಲ್ ಜಾಯ್ ‘ವಿಐ’ ಎಂಬ ಸಂಪಾದಕ ಬರೆದರು. ಅವರ ಮನೆಯ ಮೋಡೆಮ್ಮಿನ ವೇಗ 300 ಬಾಡ್, ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆ ತುಂಬುವಷ್ಟರಲ್ಲಿ ಕಾಫಿ ಆರುತ್ತದೆ. ಅದಕ್ಕೇ ಆಜ್ಞೆಗಳೆಲ್ಲ ಒಂದೊಂದು ಅಕ್ಷರದವು. ಅತ್ತಿತ್ತ ಚಲಿಸಲು ಎಚ್, ಜೆ, ಕೆ, ಎಲ್ ಕೀಲಿಗಳೇ ಏಕೆ? ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳನ್ನು ಆ ನಾಲ್ಕು ಕೀಲಿಗಳ ಮೇಲೆ ಮುದ್ರಿಸಿದ್ದರು. ಆ ಬಡತನ ಹೋಗಿ ದಶಕಗಳಾದವು. 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ‘ವಿಮ್’ನಲ್ಲೂ ಆ ನಾಲ್ಕು ಕೀಲಿಗಳು ಹಾಗೇ ಇವೆ. ಕೊರತೆಯಿಂದ ಬಂದ ಅಭ್ಯಾಸ ನಿಧಾನವಾಗಿ ರುಚಿಯಾಯಿತು, ರುಚಿ ಮುಂದೆ ಮಡಿಯಾಯಿತು. 2006ರಲ್ಲಿ ಹುಟ್ಟಿದ ‘ಡಿಡಬ್ಲ್ಯುಎಂ’ ಎಂಬ ಕಿಟಕಿ ನಿರ್ವಾಹಕಕ್ಕೆ ಅದರ ಕರ್ತೃಗಳೇ ಹಾಕಿಕೊಂಡ ಕಟ್ಟಳೆ: ಮೂಲಸಂಕೇತ 2000 ಸಾಲು ದಾಟಕೂಡದು. ನನ್ನ ಗೆಳೆಯ ಇದನ್ನು ವ್ರತದಂತೆ ಹೇಳುತ್ತಿದ್ದ. ಬೇಡದ್ದನ್ನೆಲ್ಲ ಅವನು ‘ಬೊಜ್ಜು’ ಎಂದು ಕರೆಯುತ್ತಿದ್ದ.

ಕನ್ನಡದಲ್ಲೂ ಒಂದು ‘ಕಡಿಮೆ’ಯ ಚರಿತ್ರೆ ಇದೆ. ಅದು ನಮ್ಮ ಬೆರಳ ತುದಿಯಲ್ಲೇ ಇದೆ.

ಮೊಳೆ ಜೋಡಿಸುವ ಕಾಲದಲ್ಲಿ ಕನ್ನಡದ ಒಂದು ಪುಟ ಅಚ್ಚಾಗಲು ನೂರಾರು ಬಗೆಯ ಮೊಳೆಗಳು ಬೇಕಿದ್ದವು. ಗುಣಿತಾಕ್ಷರಕ್ಕೆ ಒಂದು, ಒತ್ತಿಗೆ ಒಂದು. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿ, ಅಕ್ಷರ ಜೋಡಣೆಯ ಯಂತ್ರಗಳಿಗೆ ಹೆಸರಾದ ಮಾನೋಟೈಪ್ ಸಂಸ್ಥೆಯಲ್ಲಿ ದುಡಿದ ಕೆ.ಪಿ. ರಾವ್ ಇದನ್ನು ಬೇರೆ ರೀತಿ ನೋಡಿದರು. ಅಕ್ಷರದ ಆಕಾರಗಳಿಗೆ ಕೀಲಿ ಕೊಡಬೇಡಿ, ಧ್ವನಿಗಳಿಗೆ ಕೊಡಿ. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳು, ಜೊತೆಗೆ ಶಿಫ್ಟ್, ಕನ್ನಡಕ್ಕೆ ಸಾಕು. ಕೆ ಒತ್ತಿದರೆ ಕ, ಶಿಫ್ಟಿನ ಜೊತೆ ಒತ್ತಿದರೆ ಖ. ಒತ್ತಕ್ಷರಕ್ಕೆ ಬೇರೆ ಕೀಲಿಯೇ ಇಲ್ಲ. ಎಫ್ ಕೀಲಿ ಅರ್ಧಾಕ್ಷರದ ಕೊಂಡಿ, ಅದನ್ನು ನಡುವೆ ಒತ್ತಿದರೆ ಎರಡು ವ್ಯಂಜನಗಳು ತಾವೇ ಕೂಡಿಕೊಳ್ಳುತ್ತವೆ. ಕ, ಎಫ್, ಷ ಒತ್ತಿ, ಕ್ಷ ಬಂತು. ನಾವು ಒಂದನೆಯ ತರಗತಿಯಲ್ಲಿ ಕಲಿತ ಕಾಗುಣಿತವೇ ಇಲ್ಲಿ ಯಂತ್ರದ ಸೂತ್ರ. ರಾವ್ ಇದರ ಮೇಲೆ ಹಕ್ಕು ಸಾಧಿಸಲಿಲ್ಲ. ‘ಸೇಡಿಯಾಪು’ ಎಂಬ ತಮ್ಮ ತಂತ್ರಾಂಶವನ್ನೂ ಉಚಿತವಾಗಿ ಹಂಚಿದರು. ಸ್ವಲ್ಪ ಬದಲಾವಣೆಗಳೊಂದಿಗೆ ಈ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತು ಎತ್ತಿಕೊಂಡಿತು, ಸರ್ಕಾರ ಒಪ್ಪಿತು. ಇಂದು ಯಾವುದೇ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಲ್ಲಿ ಅದು ಸಿಗುತ್ತದೆ.

ಬಿಲ್ ಜಾಯ್ ಅವರ ಕಡಿಮೆ ನಿಧಾನದ ಮೋಡೆಮ್ಮಿನಿಂದ ಬಂತು. ರಾವ್ ಅವರ ಕಡಿಮೆ ಲಿಪಿಯ ವ್ಯಾಕರಣದಿಂದ ಬಂತು. ಮೊದಲನೆಯದಕ್ಕೆ ಕಾರಣವಾದ ಮೋಡೆಮ್ ಇಂದಿಲ್ಲ, ಎರಡನೆಯದಕ್ಕೆ ಕಾರಣವಾದ ಕಾಗುಣಿತ ಇನ್ನೂ ಇದೆ.

ಕೀಲಿಮಣೆ ಸರಿಯಾದರೆ ಸಾಲದು, ಒತ್ತಿದ್ದು ಯಂತ್ರದೊಳಗೆ ಕನ್ನಡವಾಗಿಯೇ ಉಳಿಯಬೇಕು. 1991ರಲ್ಲಿ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು. ಆದರೆ ಯುನಿಕ್ಸಿನ ಹಳೆಯ ಉಪಕರಣಗಳೆಲ್ಲ ಒಂದು ಬೈಟಿಗೆ ಒಂದು ಅಕ್ಷರ ಎಂಬ ಲೆಕ್ಕದಲ್ಲಿ ಬೆಳೆದವು. 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಒಂದು ಊಟದ ಮನೆಯಲ್ಲಿ ಅದೇ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆ ಕೂತು, ತಟ್ಟೆಯ ಕೆಳಗಿನ ಕಾಗದದ ಮೇಲೆ ಒಂದು ಉಪಾಯ ಗೀಚಿದರು. ಇಂಗ್ಲಿಷಿನ ಅಕ್ಷರ ಹಿಂದಿನಂತೆ ಒಂದೇ ಬೈಟು. ಉಳಿದ ಲಿಪಿಗಳ ಅಕ್ಷರ ಎರಡು, ಮೂರು ಅಥವಾ ನಾಲ್ಕು ಬೈಟು. ಅವುಗಳಲ್ಲಿ ಒಂದು ಬೈಟೂ ಇಂಗ್ಲಿಷ್ ಅಕ್ಷರದಂತೆ ಕಾಣಕೂಡದು. ಇದೇ ಯುಟಿಎಫ್-8. ಕನ್ನಡದ ಗಂಧವೇ ಇಲ್ಲದ ಹಳೆಯ ಉಪಕರಣವೂ ಈಗ ಕನ್ನಡವನ್ನು ಕೆಡಿಸದೆ ಮುಂದಕ್ಕೆ ದಾಟಿಸಬಲ್ಲದಾಯಿತು.

ಆದರೂ ನಮ್ಮ ನಾಡಿನಲ್ಲಿ ಹಳೆಯ ಫಾಂಟುಗಳ ಕಾಲ ಅಲ್ಲಿಂದಾಚೆ ವರ್ಷಗಟ್ಟಲೆ ನಡೆಯಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡು, ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ನಿಂತದ್ದೇಕೆ ಎಂಬುದು ನನಗೆ ಅರ್ಥವಾದದ್ದು ಅಪ್ಪನ ಕಡತ ತೆರೆದ ದಿನ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನೂ ಕಪ್ಪು ಪರದೆಯ ಭಕ್ತನಾಗುತ್ತಿದ್ದೆ. ಗೆಳೆಯನ ಟರ್ಮಿನಲ್ಲಿನಲ್ಲಿ ನಮ್ಮೂರಿನ ಹೆಸರು ಬರೆದು ನೋಡಿದೆ: ಹೊಸಕೋಟೆ. ಕಣ್ಣಿಗೆ ನಾಲ್ಕು ಅಕ್ಷರ. ‘ಡಬ್ಲ್ಯುಸಿ’ ಎಂಬ ಎಣಿಕೆಯ ಉಪಕರಣವನ್ನು ಕೇಳಿದೆ. ಬೈಟುಗಳ ಲೆಕ್ಕದಲ್ಲಿ 21 ಎಂದಿತು, ಅಕ್ಷರಗಳ ಲೆಕ್ಕದಲ್ಲಿ 7 ಎಂದಿತು. ಹ, ಒಕಾರ, ಸ, ಕ, ಓಕಾರ, ಟ, ಎಕಾರ: ಏಳು. ನಾಲ್ಕು ಎಂದು ಹೇಳುವ ಆಯ್ಕೆ ಅದರಲ್ಲಿಲ್ಲ. ಇನ್ನೊಂದು ಪೇಚು: ಒಕಾರವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಡಲು ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಒಂದು ರೀತಿ ಬರೆದು ಹುಡುಕಿದರೆ ಇನ್ನೊಂದು ರೀತಿ ಬರೆದ ಹೊಸಕೋಟೆ ಗ್ರೆಪ್‌ಗೆ ಸಿಗುವುದಿಲ್ಲ.

ಪರದೆಯ ಮೇಲೂ ಹೆಸರು ಸರಿಯಾಗಿ ಮೂಡಲಿಲ್ಲ. ಟರ್ಮಿನಲ್ ಎಂದರೆ ಚೌಕಗಳ ಹಾಸು, ಒಂದು ಚೌಕಕ್ಕೆ ಒಂದು ಅಕ್ಷರ. ಅಗಲ ಒಂದೇ ಸಮ ಇರುವ, ಕೆಳಗೆ ಮೇಲೆ ಏನೂ ತೂಗಾಡದ ಲಿಪಿಗೆ ಅದು ಹೇಳಿ ಮಾಡಿಸಿದ್ದು. ನಮ್ಮ ಓಕಾರ ಪಕ್ಕದ ಚೌಕಕ್ಕೆ ಚಾಚುತ್ತದೆ, ಒತ್ತು ಕೆಳಗಿಳಿಯುತ್ತದೆ. ಕಿಟಕಿಗಳೂ ಇಲ್ಲದ ಬರಿಯ ಲಿನಕ್ಸ್ ಕನ್ಸೋಲಿನಲ್ಲಂತೂ ಒಮ್ಮೆಗೆ 512ಕ್ಕಿಂತ ಹೆಚ್ಚು ಆಕಾರಗಳಿಗೆ ಜಾಗವಿಲ್ಲ, ಆಕಾರಗಳನ್ನು ಕೂಡಿಸುವ ಏರ್ಪಾಡೂ ಇಲ್ಲ. ವಿಮ್‌ನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಂಡು ಸಾಲು ಅಳಿಸಲು ಡಿ ಕೀಲಿಯನ್ನು ಎರಡು ಸಲ ಒತ್ತಿದರೆ, ಅದಕ್ಕೆ ಕೇಳಿಸುವುದು ‘ದದ’. ಹಾಗೆಂಬ ಆಜ್ಞೆ ಅದಕ್ಕೆ ಗೊತ್ತಿಲ್ಲ. ಸರಿಪಡಿಸಲು ದಾರಿ ಇದೆ, ಆದರೆ ಅದನ್ನು ನಾವೇ ಹುಡುಕಿ ಕಟ್ಟಿಕೊಳ್ಳಬೇಕು.

ಕನ್ನಡದ ಅಕ್ಷರ ಪರದೆಯ ಮೇಲೆ ಸರಿಯಾಗಿ ಕೂಡಬೇಕಾದರೆ ಫಾಂಟಿನೊಳಗಿನ ನಿಯಮಗಳನ್ನು ಓದಿ ಜೋಡಿಸುವ ಒಂದು ಯಂತ್ರ ಬೇಕು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಬಳಸುವ ‘ಹಾರ್ಫ್‌ಬಝ್’ ಅಂಥದ್ದು. ಅದು ಚಿಕ್ಕದಲ್ಲ. ಲಿಪಿಗಳೇ ಚಿಕ್ಕವಲ್ಲವಲ್ಲ! ಗೆಳೆಯನ ಅಚ್ಚುಮೆಚ್ಚಿನ ಪುಟ್ಟ ಟರ್ಮಿನಲ್ ಇಂಥದ್ದನ್ನು ಬೊಜ್ಜೆಂದು ಹೊರಗಿಟ್ಟಿತ್ತು. ಅದೇ ಅವರ ಪಾಳಯ ಹಿಂದಿನಿಂದಲೂ ಬೊಜ್ಜಿನ ಮುದ್ದೆ ಎಂದು ಹಾಸ್ಯ ಮಾಡುತ್ತ ಬಂದ ‘ಈಮ್ಯಾಕ್ಸ್’, 2020ರ ತನ್ನ 27ನೆಯ ಆವೃತ್ತಿಯಲ್ಲಿ ಹಾರ್ಫ್‌ಬಝ್ ಅನ್ನು ಒಳಗೆ ಕರೆದುಕೊಂಡಿತು. ಅಲ್ಲಿ ನಮ್ಮೂರಿನ ಹೆಸರು ಅಂದವಾಗಿ ಮೂಡುತ್ತದೆ.

ನಾನು ಗೆಳೆಯನಿಗೆ ಹೇಳಿದ್ದು ಇಷ್ಟೆ: ‘ನಿನ್ನ 2000 ಸಾಲಿನ ಲೆಕ್ಕ ಯಾರ ಲಿಪಿಯನ್ನು ಸಾದಾ ಎಂದುಕೊಂಡು ಹಾಕಿದ್ದು?’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಪಕರಣ ಚಿಕ್ಕದಾಗಿದ್ದರೆ ನೀನೇ ತೆರೆದು ಸೇರಿಸಿಕೊಳ್ಳಬಹುದಲ್ಲ’ ಎಂದ. ಅದೂ ಸುಳ್ಳಲ್ಲ. ಕನ್ನಡ ಲಿನಕ್ಸಿನಲ್ಲಿ ಇಷ್ಟಾದರೂ ಕಾಣುತ್ತಿರುವುದು ಹಾಗೆ ತೆರೆದು ಸೇರಿಸಿದವರಿಂದ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಮಾಡಿದವರು, ಮೆನುಗಳನ್ನು ಸಂಬಳವಿಲ್ಲದೆ ಕನ್ನಡಕ್ಕೆ ತಂದವರು, ‘ಲಿನಕ್ಸಾಯಣ’ ಎಂದು ಹೆಸರಿಟ್ಟು ಲಿನಕ್ಸನ್ನು ಕನ್ನಡದಲ್ಲೇ ಕಲಿಸಿದ ಓಂಶಿವಪ್ರಕಾಶ್ ಅವರಂಥವರು. ಇವರಲ್ಲಿ ಯಾರೂ ಕಡಿಮೆ ಮಾಡಲು ಕೂತವರಲ್ಲ. ಇಲ್ಲದ್ದನ್ನು ಸೇರಿಸಲು ಕೂತವರು.

ಅಪ್ಪನ ಕಡತಕ್ಕೆ ಮರಳುತ್ತೇನೆ. ಹಳೆಯ ಫಾಂಟಿನಿಂದ ಯುನಿಕೋಡಿಗೆ ತರುವ ಪರಿವರ್ತಕಗಳು ಆಗಲೇ ಇದ್ದವು. ಅಂಗಡಿಯವರು ಬಳಸಿದ್ದ ಫಾಂಟು ಅವುಗಳಿಗೆ ಪೂರ್ತಿ ಹೊಂದಲಿಲ್ಲ. ಹಾಗಾಗಿ ಸೆಡ್‌ನಲ್ಲಿ ನನ್ನದೇ ನಿಯಮಗಳನ್ನು ಬರೆಯುತ್ತ ಹೋದೆ. ಈ ಆಕಾರಕ್ಕೆ ಈ ಅಕ್ಷರ ಎಂಬ ಪಟ್ಟಿ ಸುಲಭ. ಕಷ್ಟ ಕ್ರಮದ್ದು. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಮೊದಲು ಯ, ಅದರ ಪಕ್ಕ ಅರ್ಕಾವತ್ತು. ಹಳೆಯ ಫಾಂಟು ಕಣ್ಣು ಕಂಡ ಕ್ರಮದಲ್ಲೇ ಇಟ್ಟಿದೆ. ಯುನಿಕೋಡಿಗೆ ನಾಲಿಗೆ ನುಡಿಯುವ ಕ್ರಮ ಬೇಕು: ಮೊದಲು ರ್, ಆಮೇಲೆ ಯ. ಹೀಗೆ ಪ್ರತಿ ಅರ್ಕಾವತ್ತನ್ನೂ ಹಿಂದಕ್ಕೆ ಎಳೆದು, ಪ್ರತಿ ಒತ್ತನ್ನೂ ಸ್ವರಚಿಹ್ನೆಯ ಮುಂಚೆಗೆ ತಂದು ಕೂರಿಸಬೇಕು. ನಿಯಮಗಳನ್ನು ಬರೆಯುತ್ತಿದ್ದದ್ದು ಟರ್ಮಿನಲ್ಲಿನಲ್ಲಿ, ಕನ್ನಡ ಸರಿಬಂತೇ ಎಂದು ನೋಡುತ್ತಿದ್ದದ್ದು ಪಕ್ಕದ ಬೊಜ್ಜಿನ ಕಿಟಕಿಯಲ್ಲಿ. ಎರಡೂ ಬೇಕಾದವು.

ಒಂದು ರಾತ್ರಿ ಮೊದಲ ಪುಟ ಓದುವಂತಾಯಿತು. ಪದಗಳನ್ನು ಸಾಲಿಗೊಂದರಂತೆ ಮುರಿದು, ವಿಂಗಡಿಸಿ, ಮರುಕಳಿಸಿದವನ್ನು ಎಣಿಸುವ ಕೊಳವೆ ಜೋಡಿಸಿದೆ. ಲಾಳಿ, ಹಾಸು, ಹೊಕ್ಕು, ಅಚ್ಚು ಸಾಲಾಗಿ ಇಳಿದು ಬಂದವು. ಮೆಕ್‌ಮಹೋನ್ 1970ರ ದಶಕದಲ್ಲಿ ‘ಪಬ್ಲಿಯಸ್’ನನ್ನು ಹುಡುಕಲು ಹೊರಟಿದ್ದ ದಾರಿಯಲ್ಲೇ ನಾನು ಅಪ್ಪನನ್ನು ಹುಡುಕಿದ್ದೆ.

ಒಂದು ತೊಡಕು ಉಳಿಯಿತು. ದೀರ್ಘದ ಗುರುತು ಆ ಫಾಂಟಿನಲ್ಲಿ ಪ್ರತ್ಯೇಕ ಆಕಾರ. ಟೈಪು ಮಾಡಿದವರು ಅದನ್ನು ಕೆಲವೆಡೆ ಒತ್ತಿನ ಮುಂಚೆ, ಕೆಲವೆಡೆ ಒತ್ತಿನ ಆಮೇಲೆ ಹಾಕಿದ್ದರು. ನನ್ನ ಒಂದು ನಿಯಮ ಅದನ್ನು ನುಂಗಿಬಿಟ್ಟಿತ್ತು. ತಪ್ಪು ತಿದ್ದಿದ ಮೇಲೂ ಕೆಲವು ಪದಗಳು ಎರಡೆರಡು ರೂಪದಲ್ಲಿ ನಿಂತವು. ‘ಪನ್ನೆ’ಯೋ ‘ಪನ್ನೇ’ಯೋ? ಮೂಲದಲ್ಲೇ ಎರಡೂ ಇದ್ದವು. ಎಣಿಕೆ ಎರಡನ್ನೂ ತೋರಿಸಿತು, ತೀರ್ಪು ಕೊಡಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಪಟ್ಟಿಯನ್ನು ಅಚ್ಚು ಹಾಕಿಸಿಕೊಂಡು ನಮ್ಮ ಹಿಂದಿನ ಬೀದಿಯ ಹಿರಿಯ ನೇಕಾರರೊಬ್ಬರ ಬಳಿ ಕೂತೆ. ಅಪ್ಪನಿಗೆ ಮಾತು ಕೊಟ್ಟವರಲ್ಲಿ ಉಳಿದ ಕೆಲವರಲ್ಲಿ ಅವರೊಬ್ಬರು. ಕಣ್ಣು ಮಂಜಾಗಿದೆ, ಮಗ್ಗ ಈಗ ಮಗನದು. ನಾನು ಓದುತ್ತ ಹೋದೆ, ಅವರು ಕೇಳುತ್ತ ಹೋದರು. ಆ ಪದ ಬಂದಾಗ ನಿಲ್ಲಿಸಿ, ‘ಪನ್ನೆ’ ಎಂದು ಗಿಡ್ಡವಾಗಿ ನುಡಿದು, ಎದ್ದು ಹೋಗಿ ಮಗ್ಗದ ಹಣಿಗೆಯ ಮೇಲೆ ಕೈಯಿಟ್ಟರು. ‘ನಿಮ್ಮಪ್ಪನೂ ಇದನ್ನ ಎರಡು ಸಲ ಕೇಳಿದ್ರು’ ಎಂದರು.

ನನ್ನ ಪ್ರಬಂಧದ ಅನುಬಂಧ ಈಗ ಒಂದು ಸಾದಾ ಪಠ್ಯದ ಕಡತ. ಫಾಂಟಿಲ್ಲ, ಬಣ್ಣವಿಲ್ಲ, ಸಾಲಿಗೊಂದು ಪದ, ಎದುರಿಗೆ ಅರ್ಥ. ಅದರ ನಾಲ್ಕು ಪ್ರತಿಗಳನ್ನು ನಾಲ್ಕು ಕಡೆ ಇಟ್ಟಿದ್ದೇನೆ. ಪನ್ನೆಯ ಎದುರು, ಅರ್ಥದ ಮುಂದೆ, ಇದನ್ನು ಯಾರ ಬಾಯಲ್ಲಿ ಕೇಳಿ ಖಚಿತಪಡಿಸಿಕೊಂಡೆ ಎಂಬುದನ್ನೂ ಬರೆದಿದ್ದೇನೆ.